ಎಳ್ಳಮಾಸಿಯ ದಿನ ಮುಳುಗಿದ ಲೋಕ

ಮೊನ್ನೆ ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸಿನ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಬಸ್ಸು ರಸ್ತೆಯ ತಗ್ಗೊಂದರಲ್ಲಿ ಧಡಕ್ಕನೆ ಇಳಿದದ್ದೇ ತಡ, ಡಬ್ಬಿಯ ಮುಚ್ಚಳ ಸಡಿಲಾಗಿ ಒಳಗಿನ ವಾಸನೆ ಹೊರಗೆ ಬಂತು. ಹಸಿ ತೊಗರಿಕಾಳು, ಅವರೆಕಾಳು, ಮೆಂತ್ಯದ ಸೊಪ್ಪು, ಹುಣಸೆಹುಳಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಭಜ್ಜಿ! ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ. ನಮ್ಮ ಕಡೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಸಿಕ್ಕ ಕಾಳು ಸಿಕ್ಕ ಸೊಪ್ಪೆಲ್ಲ ಹಾಕಿ ಗಟ್ಟಿಯಾಗಿ ಕುದಿಸುವ ಪಲ್ಯ.

"ಎಳ್ಳಮಾಸಿ ಇನ್ನಾ ದೂರ ಅದಲ್ರೀ, ಈಗೇ ಭಜ್ಜಿ?" ಅಂದೆ.

"ಮಗಳು ಬಸುರಿ ಅದಾಳವಾ. ಬಯಕಿಗಿ ಅಮಾಸಿ ಹುಣಿವಿ ಗೊತ್ತಾಗ್ತದೇನು?" ಅಂದಳು ಆಕೆ.

ನನಗೆ ಒಬ್ಬಳಿಗೇ ನಗು ಬಂತು. ಯಾಕೆ ನಗುತ್ತೀ ಎಂದು ಕೇಳಿದಳು. "ಏನಿಲ್ರಿ, ಒಮ್ಮೆ ಈ ಭಜ್ಜಿ ದೆಸಿಂದ ಲೋಕ ಮುಳುಗೋದು ತಪ್ಪಿತ್ತು, ಅದು ನೆನಪಾತು" ಅಂದೆ. ಆಕೆ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಡಬ್ಬಿಯನ್ನು ಆ ಕಡೆಯ ತೊಡೆಗೆ ಸರಿಸಿಕೊಂಡಳು. ಪಾಪ, ಆಕೆಯದೇನೂ ತಪ್ಪಿಲ್ಲ. ಅರ್ಧ ಕೇಳಿದವರಿಗೆ ಅದು ಹುಚ್ಚಿನ ಮಾತೇ. ಇಲ್ಲಿ ಪೂರ್ತಿ ಹೇಳುತ್ತೇನೆ.

ಆಗ ನಾನು ಹೈದರಾಬಾದಿನ ಒಂದು ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದೆ. ಕೊನೆಯ ವರ್ಷ. ನಮ್ಮ ಮನೆ ತಾಂಡೂರು. ಅಪ್ಪನದು ನೆಲಕ್ಕೆ ಹಾಸುವ ಪರಸಿಕಲ್ಲಿಗೆ ಪಾಲಿಶ್ ಹೊಡೆಯುವ ಸಣ್ಣ ಕಾರ್ಖಾನೆ. ಆ ಊರಲ್ಲಿ ಹುಟ್ಟಿದವರಿಗೆ ಲೋಕ ಮುಳುಗಿದ ಮೇಲೆ ಹೇಗಿರುತ್ತದೆ ಎಂದು ಯಾರೂ ಕಲಿಸಬೇಕಿಲ್ಲ. ಕಲ್ಲು ತೆಗೆದು ಬಿಟ್ಟ ಹಾಳು ಖಣಿಗಳು, ಒಡೆದ ಚಪ್ಪಡಿಗಳ ಗುಡ್ಡಗಳು, ಬೇವಿನ ಎಲೆಯ ಮೇಲೂ ಬೂದುಬಣ್ಣದ ಧೂಳು. ಹಾಗಾಗಿ ಕೊನೆಯ ವರ್ಷದ ಸಿನಿಮಾಕ್ಕೆ ಕಥೆ ಏನೆಂದು ಸರ್ ಕೇಳಿದಾಗ, ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಲೋಕ ಮುಳುಗಿ ಒಬ್ಬನೇ ಉಳಿದಿದ್ದಾನೆ ಸರ್. ಊರೂರು ತಿರುಗುತ್ತಾನೆ, ಯಾರೂ ಸಿಗುವುದಿಲ್ಲ. ಕೊನೆಗೆ ಒಂದು ಬಾವಿಯ ಮೆಟ್ಟಿಲ ಮೇಲೆ ಮಲಗಿ ಕಣ್ಣು ಮುಚ್ಚುತ್ತಾನೆ."

ಸರ್ ಕನ್ನಡಕ ತೆಗೆದು ಒರೆಸಿದರು. ಇಂಥ ಸಿನಿಮಾಕ್ಕೆ ಮುರಿದ ಕಟ್ಟಡ ಬೇಕು, ಖಾಲಿ ಪಟ್ಟಣ ಬೇಕು, ಅದನ್ನೆಲ್ಲ ಎಲ್ಲಿಂದ ತರುತ್ತೀ ಎಂದರು.

"ನನಗೆ ಒಂದು ಇಡೀ ಊರು ಖಾಲಿ ಸಿಗ್ತದೆ ಸರ್."

"ಊರವರನ್ನೆಲ್ಲ ಏನು ಮಾಡುತ್ತೀ?"

"ಊಟಕ್ಕೆ ಕಳಿಸ್ತೀನಿ" ಅಂದೆ. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. ಚಿತ್ರದಲ್ಲಿ ಆ ಒಬ್ಬನ ಹೊರತು ಮನುಷ್ಯರ ಸುಳಿವೇ ಕಾಣಬಾರದು, ಕೇಳಬಾರದು, ಅದೊಂದು ನಿಯಮ ಮುರಿದರೆ ಕಥೆಯೇ ಸತ್ತಂತೆ ಎಂದು ಹೇಳಿ ಒಪ್ಪಿಗೆ ಕೊಟ್ಟರು. ನಾನೂ ಗೋಣು ಹಾಕಿದೆ.

ನಾನು ಸುಳ್ಳೇನೂ ಹೇಳಿರಲಿಲ್ಲ. ನಮ್ಮ ಅವ್ವನ ತವರು ಕಂಗ್ಟಿಯಿಂದ ಸ್ವಲ್ಪ ಮುಂದೆ, ಗಡಿಗೆ ಅಂಟಿಕೊಂಡ ಸಣ್ಣ ಊರು. ಬೋರ್ಡು ತೆಲುಗಿನಲ್ಲಿ, ವ್ಯಾಪಾರ ದಖನಿ ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಎಳ್ಳಮಾಸಿಯ ದಿನ ಆ ಊರಲ್ಲಿ ನರಪಿಳ್ಳೆ ಇರುವುದಿಲ್ಲ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಕೊಂಪೆ, ಅಂದರೆ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ಎಡೆ ಚೆಲ್ಲಿ, ಹೊಟ್ಟೆ ಬಿರಿಯುವಂತೆ ಉಂಡು ಸಂಜೆಗೆ ಬರುತ್ತಾರೆ. ಮನೆಗಳಿಗೆ ಬೀಗ ಕೂಡ ಇಲ್ಲ, ಬರೀ ಚಿಲಕ. ಇಂಥ ಸೆಟ್ಟನ್ನು ಯಾರು ಹಾಕಿಕೊಡುತ್ತಾರೆ! ಒಂದೇ ತೊಡಕು. ಇದು ಸಿಗುವುದು ವರ್ಷಕ್ಕೆ ಒಂದೇ ಹಗಲು. ಅಂದು ಕೈತಪ್ಪಿದರೆ ಸಿನಿಮಾ ಇಲ್ಲ, ಸಿನಿಮಾ ಇಲ್ಲದಿದ್ದರೆ ಪಾಸೂ ಇಲ್ಲ. ಮೊದಲೇ ಅಪ್ಪ, "ಅದನ್ ಕಲ್ತು ಏನ್ ಮಾಡ್ತಾಳ? ಸುಮ್ಮ ಕಾರ್ಖಾನಿ ಲೆಕ್ಕ ನೋಡ್ಲಿ" ಅಂದವರು. ಅವರನ್ನು ಒಪ್ಪಿಸಿ ನನ್ನನ್ನು ಕಾಲೇಜಿಗೆ ಸೇರಿಸಿದವನು ಅವ್ವನ ತಮ್ಮ, ವೀರಶೆಟ್ಟಿ ಮಾಮಾ. ಆ ಕೊನೆಯ ಮನುಷ್ಯನ ಪಾತ್ರಕ್ಕೂ ಅವನನ್ನೇ ಆರಿಸಿದೆ.

ಮಾಮಾನನ್ನು ಕಂಡವರು ನನ್ನ ತಲೆ ಕೆಟ್ಟಿದೆ ಎಂದೇ ಅಂದುಕೊಳ್ಳಬೇಕು. ಊರ ನಾಟಕಗಳಲ್ಲಿ ರಾಕ್ಷಸನ ಪಾತ್ರ ಮಾಡಿ ಮಾಡಿ ಅವನ ದನಿ ತೊಗರಿ ಹೊಲ ದಾಟಿ ಕೇಳಿಸುತ್ತಿತ್ತು. ಮಾತು ನಿಲ್ಲಿಸಿದರೆ ಉಸಿರು ನಿಂತೀತೆಂಬ ಹೆದರಿಕೆ ಇದ್ದವನಂತೆ ಮಾತಾಡುವವನು. ನನ್ನ ಸಿನಿಮಾದಲ್ಲಿ ಒಂದೂ ಮಾತಿಲ್ಲ. ಆದರೂ ಆ ಮುಖ ನನಗೆ ಬೇಕಿತ್ತು. ಉದ್ದನೆಯ ಮೂಗು, ಗುಳಿಬಿದ್ದ ಕೆನ್ನೆ, ಯಾರನ್ನಾದರೂ ಕಂಡ ಕೂಡಲೇ ಅರಳುವ ಕಣ್ಣು. ಯಾರೂ ಇಲ್ಲದ ಲೋಕದಲ್ಲಿ ಅಂಥ ಕಣ್ಣಿಗೆ ಏನಾಗುತ್ತದೆ ಎಂದು ನೋಡುವ ಆಸೆ.

ಮಾಮಾ ಒಂದೇ ಮಾತಿಗೆ ಒಪ್ಪಿದ. ಒಪ್ಪದವಳು ಅತ್ತಿ, ಅವನ ಹೆಂಡತಿ. ಆಕೆಯ ಸಿಟ್ಟಿಗೆ ಕಾರಣವಿತ್ತು. ಎಳ್ಳಮಾಸಿಯ ಮುಖ್ಯ ಕೆಲಸವೇ ಚರಗ ಚೆಲ್ಲುವುದು. ರೊಟ್ಟಿ, ಕಡಬು, ಭಜ್ಜಿ ಎಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು, ಹೊಲದ ಸುತ್ತ ಎರಚುತ್ತ ಹೋಗಬೇಕು. ಅವರ ಮನೆಯಲ್ಲಿ ಅದು ಗಂಡ ಹೆಂಡತಿ ಕೂಡಿ ಮಾಡುವ ಕೆಲಸ. ಮುಂದೆ ಹೋಗುವ ಮಾಮಾ "ಹುಲ್ಲುಲ್ಲಿಗೋ!" ಎಂದು ಕೂಗುತ್ತಾನೆ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಅತ್ತಿ "ಚಲಂಬ್ರಿಗೋ!" ಎಂದು ಓಗೊಡುತ್ತಾಳೆ. ಅದರ ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಊರೂರಿಗೆ ಉಚ್ಚಾರವೂ ಬೇರೆ. ಆದರೆ ಕೂಗಿದ ಮೇಲೆ ಓಗೊಡದೆ ಬಿಡಬಾರದು ಎಂಬುದರಲ್ಲಿ ಎಲ್ಲರದೂ ಒಂದೇ ಮಾತು.

"ಲೋಕ ಮುಳಗಿದ್ದು ಆಮ್ಯಾಲ ತೋರಿಸುವಿ, ಮದ್ಲ ಚರಗ ಆಗ್ಲಿ" ಅಂದಳು ಅತ್ತಿ, ರೊಟ್ಟಿ ಬಡಿಯುತ್ತ. ಬಡಿತ ಸ್ವಲ್ಪ ಜೋರಾಗಿಯೇ ಇತ್ತು.

"ಮಧ್ಯಾಹ್ನದೊಳಗ ಮಾಮಾನ ಬಿಟ್ಬಿಡ್ತೀನಿ ಅತ್ತಿ. ನಿನ್ನ ಆಣಿ."

"ನನ್ನ ಆಣಿ ಯಾಕ ಹಾಕ್ತಿ? ನಿನ್ ಕ್ಯಾಮ್ರಾದ್ ಆಣಿ ಹಾಕು" ಅಂದಳು. ಹಾಕಿದೆ.

ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂದಂತೆ ನನಗೆ ಅಂದು ಸಿನಿಮಾ ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ.

ನಾವು ಮೂವರು. ನಾನು, ಕ್ಯಾಮೆರಾ ಹಿಡಿಯುವ ಇಮ್ರಾನ್, ಧ್ವನಿ ಹಿಡಿಯುವ ಸ್ವಪ್ನಾ. ಇಮ್ರಾನ್ ಜಹೀರಾಬಾದಿನವನು, ಎಳ್ಳಮಾಸಿಗೆ ಗೆಳೆಯರ ಹೊಲಗಳಲ್ಲಿ ಉಂಡು ಬೆಳೆದವನು. ಸ್ವಪ್ನಾ ಹೈದರಾಬಾದಿನ ತೆಲುಗು ಹುಡುಗಿ. ಹೊಲ ಎಂದರೆ ರೈಲಿನ ಕಿಟಕಿಯಿಂದ ಕಾಣುವಂಥದ್ದು ಎಂದು ತಿಳಿದಿದ್ದಳು. ಅಂದು ಬೆಳಗ್ಗೆ ಮೂವರೂ ಮಾಮಾನ ಮನೆಯ ಕಟ್ಟೆಯ ಮೇಲೆ ಹಲ್ಲು ಕಟಕಟಿಸುತ್ತ ಕೂತು ಊರು ಖಾಲಿಯಾಗುವುದನ್ನು ನೋಡಿದೆವು. ಬಂಡಿ, ಟ್ರ್ಯಾಕ್ಟರ್, ಆಟೋ, ಮೂವರು ಹೇರಿದ ಬೈಕುಗಳು. ಹೆಂಗಸರ ತಲೆಯ ಮೇಲೆ ಬಟ್ಟೆ ಕಟ್ಟಿದ ಬುಟ್ಟಿ, ಬುಟ್ಟಿಯಿಂದ ಏಳುವ ಹಬೆ. ಹೋಗುವವರೆಲ್ಲ ಒಂದೇ ಮಾತು: "ಇಲ್ಯಾಕ ಕುಂತೀರಿ, ಬರ್ರಿ ಹೊಲಕ್ಕ!" ಅತ್ತಿ, ಮಾಮಾನ ತಾಯಿ ಅಂದರೆ ನಮ್ಮ ಆಯಿ, ಅತ್ತಿಯ ಮಗಳು ಗೌರಿ ಬಂಡಿ ಹತ್ತಿದರು. ಅತ್ತಿ ತಿರುಗಿ ನೋಡಲಿಲ್ಲ.

ಆಮೇಲೆ ಊರು ಸುಮ್ಮನಾಯಿತು. ಹಾಗೆ ಸುಮ್ಮನಾದ ಊರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಲ ಸೇರುವ ಅವಸರದಲ್ಲಿ ನಾನೂ ಪ್ರತಿವರ್ಷ ಹೋಗುತ್ತಿದ್ದವಳೇ ತಾನೆ? ಓಣಿಯಲ್ಲಿ ಒಂದು ಒಂಟಿ ಚಪ್ಪಲಿ ಬಿದ್ದಿತ್ತು. ಒಂದು ಮನೆಯ ಪಡಸಾಲೆಯಲ್ಲಿ ಖಾಲಿ ತೊಟ್ಟಿಲು ತಾನೇ ತೂಗುತ್ತಿತ್ತು. ಶಾಲೆಯ ಗಂಟೆ ಗಾಳಿಗೆ ಸಣ್ಣಗೆ ಅಲುಗುತ್ತಿತ್ತು. ಇಮ್ರಾನ್ ಕ್ಯಾಮೆರಾ ಹೆಗಲಿಗೇರಿಸಿ, "ಯಾ ಅಲ್ಲಾ! ಇಷ್ಟು ದೊಡ್ಡ ಸೆಟ್ಟು, ಅದೂ ಮುಫತ್!" ಎಂದು ಕುಣಿದ.

ಮೊದಲ ಜಗಳ ಕೋಳಿಗಳಿಂದ ಶುರುವಾಯಿತು. ಮನುಷ್ಯರೆಲ್ಲ ಹೋಗಿದ್ದರು, ಕೋಳಿಗಳು ಹೋಗಿರಲಿಲ್ಲ. ಎಲ್ಲಿ ಕ್ಯಾಮೆರಾ ಇಟ್ಟರೂ ಹಿಂದಿನಿಂದ ಒಂದು ಹುಂಜ ಗತ್ತಿನಿಂದ ನಡೆದುಹೋಗುತ್ತಿತ್ತು. ಲೋಕ ಮುಳುಗಿದ ಮೇಲೆ ಕೋಳಿ ಇರಬಹುದೇ? ಇರಬಾರದು ಎಂದು ನಾನು. ಮನುಷ್ಯರು ಸತ್ತರೆ ಕೋಳಿಗಳಿಗೆ ಹಬ್ಬವೇ ಅಲ್ಲವೇ, ಇನ್ನೂ ಜಾಸ್ತಿ ಆಗುತ್ತವೆ ಎಂದು ಇಮ್ರಾನ್. ಸ್ವಪ್ನಾ ನಡುವೆ ಬಾಯಿ ಹಾಕಿ, ಕೋಳಿ ಇದ್ದರೆ ಈ ಮನುಷ್ಯ ಹಸಿದು ಸಾಯುವುದು ಯಾಕೆ ಎಂದು ಕೇಳಿದಳು. ಮೂವರೂ ಮಾಮಾನ ಮುಖ ನೋಡಿದೆವು. "ನಾ ಲಿಂಗಾಯತನವಾ. ಸಾಯ್ತೀನಿ ಖರೆ, ಕೋಳಿ ತಿನ್ನಾಂಗಿಲ್ಲ" ಅಂದ. ಕೋಳಿ ಸಿನಿಮಾದಲ್ಲಿ ಉಳಿಯಿತು.

ಎರಡನೆಯದು ಧೂಳು. ಅಪ್ಪನ ಕಾರ್ಖಾನೆಯಿಂದ ಕಲ್ಲಿನ ನುಣ್ಣನೆಯ ಪುಡಿ ಒಂದು ಚೀಲ ತಂದಿದ್ದೆ. ಲೋಕ ಹೇಗೆ ಮುಳುಗಿತೆಂದು ಸಿನಿಮಾದಲ್ಲಿ ಎಲ್ಲಿಯೂ ಹೇಳಬಾರದು, ಆ ಮನುಷ್ಯನ ಮೈಮೇಲಿನ ಬೂದಿಯೇ ಹೇಳಬೇಕು ಎಂಬುದು ನನ್ನ ಲೆಕ್ಕ. ಮಾಮಾನ ಕೈಗೆ ಸ್ವಲ್ಪ ಹಚ್ಚುತ್ತಲೇ ತುರಿಕೆ ಎದ್ದಿತು. ಕೈ ತೊಳೆದುಕೊಂಡು ಒಳಗೆ ಹೋದವನು ದೇವರ ಕೋಣೆಯಿಂದ ವಿಭೂತಿ ಗಟ್ಟಿಗಳನ್ನು ತಂದು, ಪುಡಿ ಮಾಡಿ ನೀರಲ್ಲಿ ಕಲಸಿ ಮೈತುಂಬ ಬಳಿದುಕೊಂಡ. ರೂಢಿ ಎಲ್ಲಿ ಬಿಡುತ್ತದೆ? ಹಣೆಗೆ ಬಂದಾಗ ಮೂರು ಬೆರಳು ತಾವೇ ಅಡ್ಡಕ್ಕೆ ಎಳೆದವು.

"ಮಾಮಾ, ಲೋಕ ಮುಳುಗಿದ ಮ್ಯಾಲೂ ಈಬತ್ತಿ ಹಚ್ಕೋತಾರೇನು?"

"ಅವಾಗೇ ಹಚ್ಕೋಬೇಕವಾ. ಈಗ ಯಾರ್ ಹಚ್ಕೋತಾರ?"

ಹರಿದ ಅಂಗಿಯ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹೆಗಲಿಗೆ ಜೋಳಿಗೆ. ಕನ್ನಡಿಯಲ್ಲಿ ನೋಡಿಕೊಂಡು ಮಾಮಾ ತಾನೇ ಹೆದರಿದ. ಆಗ ನಾನು ನನ್ನ ದೊಡ್ಡ ಅಪ್ಪಣೆ ಹೊರಡಿಸಿದೆ: "ಇನ್ನ ನೀನು ಮಾತಾಡಂಗಿಲ್ಲ. ಶೂಟಿಂಗ್ ಮುಗಿಯೋ ತನ ಮೌನ. ವರ್ಷಗಟ್ಟಲೆ ಮಾತಾಡದವನ ಮುಖ ಹಂಗೇ ಬರ್ತದ." ಮಾಮಾ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕೈಮುಗಿದ.

ಆ ಉಪಾಯ ನಿಜಕ್ಕೂ ಫಲ ಕೊಟ್ಟಿತು. ಹೊತ್ತು ಹೋದಂತೆ ಅವನ ಮುಖ ಬೇರೆಯೇ ಆಯಿತು. ಬಾಗಿಲಿಂದ ಬಾಗಿಲಿಗೆ ಹೋಗಿ ಕೈಯಿಂದ ಮೆಲ್ಲಗೆ ತಟ್ಟಿ ಕಾಯುವ ದೃಶ್ಯದಲ್ಲಿ ನಾನು ಕಟ್ ಹೇಳುವುದನ್ನೇ ಮರೆತೆ. ಆ ಬಾಗಿಲುಗಳೆಲ್ಲ ಅವನಿಗೆ ಗೊತ್ತಿದ್ದವೇ, ಬೇರೆ ದಿನಗಳಲ್ಲಿ ಒಳಗಿನಿಂದ 'ಬಾ' ಎನ್ನದ ಮನೆ ಆ ಊರಲ್ಲಿ ಇರಲಿಲ್ಲ.

ಮಾಳಿಗೆಯ ಮೇಲಿನಿಂದ ಇಡೀ ಖಾಲಿ ಊರು ಹಿಡಿಯೋಣವೆಂದು ಇಮ್ರಾನ್ ಹತ್ತಿದ. ಹತ್ತಿದವನು ಅಲ್ಲೇ ನಗತೊಡಗಿದ. ನಾವೂ ಹತ್ತಿ ನೋಡಿದರೆ ಊರ ಸುತ್ತಲಿನ ಹೊಲಗಳಲ್ಲಿ ಕೆಂಪು, ಹಳದಿ, ಹಸಿರು ಸೀರೆಗಳು, ಕೊಂಪೆಗಳು, ಹೊಗೆ, ಗಾಳಿಪಟ ಹಾರಿಸುವ ಹುಡುಗರು. ಊರಲ್ಲಿದ್ದುದಕ್ಕಿಂತ ಹೆಚ್ಚು ಜನ ಅಲ್ಲಿದ್ದರು. "ಅರೆ ಗಿರಿಜಾ, ನಿನ್ ಲೋಕ ಮುಳುಗಿಲ್ಲ ಯಾರ್, ಊಟಕ್ಕ ಹೋಗ್ಯಾದ!" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಶಾಟ್ ಬಿಟ್ಟೆವು. ಆಮೇಲೆ ಪ್ರತಿ ಚೌಕಟ್ಟನ್ನೂ ಗೋಡೆಗಳ ಒಳಗೇ ತಿರುಗಿಸಿ ಹಿಡಿದೆವು, ಓಣಿ, ಕಟ್ಟೆ, ಬಾಗಿಲು ಇಷ್ಟೇ. ಚಿತ್ರ ನೋಡಿದವರು ಉಸಿರು ಕಟ್ಟಿದಂತೆ ಇದೆ ಎಂದು ಮುಂದೆ ಹೊಗಳಿದರು. ಯಾಕೆ ಹಾಗಾಯಿತೆಂದು ನಾನು ಹೇಳಲು ಹೋಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಉಳಿದದ್ದು ಕೊನೆಯ ದೃಶ್ಯ ಮಾತ್ರ. ಅಷ್ಟರಲ್ಲಿ ಬಂದರು ನೋಡಿ ಆ ಇಬ್ಬರು! ಬೀದರ ಕಡೆಯಿಂದ ಬಸ್ಸಿಳಿದು ಬೀಗರ ಹೊಲ ಹುಡುಕುತ್ತ ಹೊರಟಿದ್ದ ವಯಸ್ಸಾದ ಗಂಡ ಹೆಂಡತಿ. ನಾವು ಮೂವರು ಗೋಡೆಯ ಹಿಂದೆ ಇದ್ದೆವು. ಅವರಿಗೆ ಕಂಡದ್ದು ಕಟ್ಟೆಯ ಮೇಲೆ ಒಬ್ಬನೇ ಕೂತ ಮಾಮಾ. ಮೈತುಂಬ ವಿಭೂತಿ, ಕಂಬಳಿ, ಜೋಳಿಗೆ. ಮುದುಕ ಚಪ್ಪಲಿ ಬಿಟ್ಟು, "ಶರಣ್ರೀ ಅಯ್ಯನವರ" ಎಂದು ಅಡ್ಡಬಿದ್ದೇಬಿಟ್ಟ. ಮಾಮಾ ಕಣ್ಣರಳಿಸಿ ನಮ್ಮ ಕಡೆ ನೋಡಿದ. ಮಾತಾಡುವಂತಿಲ್ಲ! ನನ್ನ ಅಪ್ಪಣೆ!

"ಮೌನದಾಗ ಅದಾರ ಅಂತ ಕಾಣಸ್ತದ" ಎಂದಳು ಮುದುಕಿ ಗಂಡನಿಗೆ. "ಎಳ್ಳಮಾಸಿ ದಿನ ಸ್ವಾಮಿಗಳು ಉಪಾಸ ಕುಂತಾರ, ಊರವರಿಗಿ ಖಬರಿಲ್ಲ. ಏನ್ ಮಂದಿ ಇವ್ರು!" ಎಂದು ಇಡೀ ಊರಿಗೆ ಬೈದು, ಬುಟ್ಟಿ ಇಳಿಸಿ, ಎಲೆ ಹಾಸಿಯೇಬಿಟ್ಟಳು. ಸಜ್ಜೆ ರೊಟ್ಟಿ, ಭಜ್ಜಿ, ಎಳ್ಳಿನ ಕಡಬು, ಅಂಬಲಿ. ಲೋಕದ ಕೊನೆಯ ಮನುಷ್ಯ, ವಾರಗಟ್ಟಲೆ ಅನ್ನ ಕಾಣದವನು ಎಂದು ನಾನು ಬರೆದವನು, ಮೊದಲು ಸಂಕೋಚದಿಂದ, ಆಮೇಲೆ ಸಂಕೋಚವಿಲ್ಲದೆ ಉಂಡ. ಗೋಡೆಯ ಹಿಂದೆ ಇಮ್ರಾನ್ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದ. ನಾನು ಗಡಿಯಾರ ನೋಡಿ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದೆ.

"ಮಗಂದು ಲಗ್ನ ಯಾವಾಗ ಕೂಡಿ ಬರ್ತದ್ರೀ?" ಎಂದು ಮುದುಕ ಕೇಳಿದ.

ಮಾಮಾ ಮೂರು ಬೆರಳು ಎತ್ತಿದ.

"ಮೂರು ತಿಂಗಳಾ! ಬರೋಬ್ಬರಿ!" ಎಂದು ಇಬ್ಬರೂ ಮತ್ತೊಮ್ಮೆ ಅಡ್ಡಬಿದ್ದು, ಬುಟ್ಟಿ ಎತ್ತಿಕೊಂಡು ಹೊರಟೇಹೋದರು. ಮಾಮಾನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅವನು ಕೇಳಿದ್ದು ಇನ್ನು ಮೂರು ಕಡಬು.

ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಗು ನಿಂತಾಗ ಮಧ್ಯಾಹ್ನ ಮೀರಿತ್ತು. ಅತ್ತಿಗೆ ಕೊಟ್ಟ ಮಾತು ನೆನಪಿತ್ತು, ಆದರೆ ಕೊನೆಯ ದೃಶ್ಯ ಬಿಟ್ಟರೆ ಸಿನಿಮಾವೇ ಇಲ್ಲ. ಒಂದೇ ಒಂದು ಶಾಟ್, ಅದು ಮುಗಿದದ್ದೇ ಓಡು ಎಂದು ಮಾಮಾನಿಗೆ ಹೇಳಿದೆ. ಅವನು ಹೊಲದ ಕಡೆ ಕೈ ತೋರಿಸಿ ಮುಖ ಸಣ್ಣದು ಮಾಡಿದ. ಆದರೂ ಬಂದ.

ಊರಂಚಿನ ಬಾವಿ. ಕಲ್ಲಿನ ಮೆಟ್ಟಿಲ ಮೇಲೆ ಮಾಮಾ ಮಲಗಬೇಕು, ಆಕಾಶ ನೋಡಬೇಕು, ಕಣ್ಣು ಮುಚ್ಚಬೇಕು. ಇಮ್ರಾನ್ ಕ್ಯಾಮೆರಾ ಇಟ್ಟ. ಸ್ವಪ್ನಾ ಉದ್ದ ಕೋಲಿನ ಮೈಕು ಹಿಡಿದಳು. ನಾನು ಉಸಿರು ಹಿಡಿದೆ. ಮಾಮಾ ಕೂತ. ಸುತ್ತಲೂ ನೋಡಿದ. ಅವನ ಮುಖದಲ್ಲಿ ಎಂಥ ಒಂಟಿತನ ಬಂತೆಂದರೆ, ನಾನು ಬರೆದದ್ದಕ್ಕಿಂತ ನೂರು ಪಾಲು ಮೇಲು. ಇನ್ನೇನು ಮಲಗಬೇಕು.

ಆಗ ಬಾವಿಯಾಚೆಯ ಹೊಲದ ಕಡೆಯಿಂದ, ಗಾಳಿಯ ಮೇಲೆ ತೇಲಿಕೊಂಡು ಒಂದು ಕೂಗು ಬಂತು.

"ಹುಲ್ಲುಲ್ಲಿಗೋ!"

ಹೆಂಗಸಿನ ದನಿ. ಅತ್ತಿ! ಗಂಡ ಬರುವ ತನಕ ಕಾದು ಕಾದು, ಗಂಡನ ಪಾಲಿನ ಕೂಗನ್ನು ತಾನೇ ಕೂಗುತ್ತಿದ್ದಳು. ಮಾಮಾನ ತಲೆ ಸರಕ್ಕನೆ ತಿರುಗಿತು. ಮುಖವೆಲ್ಲ ಅರಳಿತು. ಬೆಳಗಿನಿಂದ ಮುಚ್ಚಿದ್ದ ಬಾಯಿ ತೆರೆಯಿತು. ರಾಕ್ಷಸನ ದನಿಯಲ್ಲ, ಒಣಗಿದ ಗಂಟಲಿಂದ ಒಡೆದು ಹೊರಟ ಸಣ್ಣ ದನಿ.

"ಚಲಂಬ್ರಿಗೋ..."

ಅಂದವನೇ ಎದ್ದ, ಕೋಲು ಎಸೆದ, ಓಡಿದ. ಕಂಬಳಿ ಮೆಟ್ಟಿಲ ಮೇಲೆ ಜಾರಿ ಬಿತ್ತು. ಚೌಕಟ್ಟಿನಲ್ಲಿ ಉಳಿದದ್ದು ಖಾಲಿ ಮೆಟ್ಟಿಲು, ಕಂಬಳಿ, ಎಲ್ಲಿಂದಲೋ ಬಂದ ಅದೇ ಹುಂಜ.

ನಾನು ನೆಲಕ್ಕೆ ಕುಸಿದು ಅತ್ತೆ. ಹೌದು, ಗೊಳೋ ಎಂದೇ ಅತ್ತೆ. ಅವನು ಮತ್ತೆ ಬರುವುದಿಲ್ಲವೆಂದು ಗೊತ್ತಿತ್ತು. ಬಂದರೂ ಹೆಂಡತಿಯ ಬಳಿ ಕೂತು ಉಂಡವನ ಮುಖದಲ್ಲಿ ಆ ಒಂಟಿತನ ಬರಲಾರದು. ವರ್ಷಕ್ಕೊಂದೇ ಹಗಲು, ಅದೂ ಹೋಯಿತು. ಇಮ್ರಾನ್ ಕ್ಯಾಮೆರಾ ಮಡಚುತ್ತ, "ಅಳೋದಿದ್ರ ಉಂಡು ಅಳು, ಚಲ್" ಅಂದ.

ಹೊಲಕ್ಕೆ ಹೋದಾಗ ಅಲ್ಲಿಯೂ ಒಂದು ಲೋಕ ಮುಳುಗಿತ್ತು. ಅತ್ತಿ ಚರಗ ಮುಗಿಸಿ ಕೊಂಪೆಯ ಮುಂದೆ ಕೂತಿದ್ದಳು. ಗೌರಿ ಓಗೊಡಲು ಹೋದರೆ, "ನೀ ಸುಮ್ಮಿರು, ಅವರೇ ಅನ್ಲಿ" ಎಂದು ಮಗಳ ಬಾಯಿ ಮುಚ್ಚಿಸಿ, ಊರ ಕಡೆ ಮುಖ ಮಾಡಿ ಕೂಗಿದ್ದಳಂತೆ. ಎದುರು ಗಾಳಿ. ಮಾಮಾನ ಸಣ್ಣ ದನಿ ಅಲ್ಲಿಗೆ ಮುಟ್ಟಿರಲೇ ಇಲ್ಲ.

"ನಾ ಅಂದೀನಿ. ಖರೆ ಅಂದೀನಿ" ಅಂದ ಮಾಮಾ, ಏದುಸಿರು ಬಿಡುತ್ತ.

"ನಿಮ್ ದನಿ ನನಗ ಗೊತ್ತಿಲ್ಲೇನ್ರಿ? ಅಂದಿದ್ರ ಕಂಗ್ಟಿ ತನ ಕೇಳಸ್ತಿತ್ತು" ಅಂದಳು ಅತ್ತಿ. ನಾನು ಸಾಕ್ಷಿ ಹೇಳಿದೆ. "ನೀ ನಿಮ್ ಮಾಮಾನ ಕಡೀದಾಕಿ" ಎಂದಳು. ಸ್ವಪ್ನಾ ಪಾಪ, ಹೆಡ್‌ಫೋನ್ ಹಿಡಿದು ಕೇಳಿ ನೋಡಿ ಎಂದು ಸನ್ನೆ ಮಾಡಿದಳು. "ನಕೋ. ನಿಮ್ ಮಶೀನ್ ನಿಮ್ ಬಲ್ಲೇ ಇಟ್ಕೋರಿ. ಅದ್ರಾಗ ಏನ್ ಬೇಕಾದ್ರೂ ಕೂಡಸ್ತೀರಿ" ಎಂದು, ಎಲ್ಲರಿಗೂ ಎಲೆ ಹಾಕಿ, ತುಂಬ ಬಡಿಸಿದಳು. ನಮ್ಮಲ್ಲಿ ಸಿಟ್ಟಿಗೂ ಬಡಿಸುವುದಕ್ಕೂ ಸಂಬಂಧವಿಲ್ಲ. ಆ ಭಜ್ಜಿಯಂಥ ಭಜ್ಜಿಯನ್ನು ನಾನು ಮತ್ತೆ ಉಂಡಿಲ್ಲ. ಆದರೆ ಮಾಮಾನಿಗೆ ಬಡಿಸುವಾಗ ಮಾತ್ರ ಅತ್ತಿ ಬೇಕೋ ಬೇಡವೋ ಎಂದು ಕೇಳಲಿಲ್ಲ. ನೀವು ಕೂಗಿದಾಗ ನಾನು ಒಂದು ವರ್ಷವಾದರೂ ಓ ಅನ್ನದೆ ಬಿಟ್ಟೆನೇ ಎಂಬ ಒಂದೇ ಮಾತು ಆಕೆಯದು.  ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಅವರಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಎಂದು ಅವ್ವ ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಇತ್ತ ಹೈದರಾಬಾದಿನಲ್ಲಿ ನನ್ನ ಪಾಡು ಯಾರಿಗೂ ಬೇಡ. ಬಾವಿಯ ಶಾಟನ್ನು ಕೂಗಿಗೆ ಮೊದಲೇ ಕತ್ತರಿಸಿ ಅಂತ್ಯ ಮಾಡಿದೆ. ನೋಡಿದರೆ, ಮನುಷ್ಯನೊಬ್ಬ ಊಟವಾದ ಮೇಲೆ ಕೂತು ಸುಧಾರಿಸಿಕೊಳ್ಳುವಂತೆ ಕಂಡಿತು. ಕೂಗನ್ನು ಅಳಿಸಿ, ತಲೆ ತಿರುಗಿಸುವುದನ್ನು ಮಾತ್ರ ಇಟ್ಟೆ. ಸೊಳ್ಳೆ ಕಚ್ಚಿದಂತಾಯಿತು. ದುಃಖದ ಸಂಗೀತ ಹಾಕಿದೆ. ಇಮ್ರಾನ್ ಎದ್ದು ಹೊರಗೇ ಹೋದ. ಕಡೆಗೊಂದು ಮಧ್ಯಾಹ್ನ ಸ್ವಪ್ನಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಇಡೀ ಶಾಟನ್ನು ಕತ್ತರಿ ಹಾಕದೆ, ಹಿಡಿದ ಧ್ವನಿಯೊಂದಿಗೆ ಹಾಕಿದಳು. ಗಾಳಿ. ಹುಂಜ ಕೆದಕುವ ಸದ್ದು. ದೂರದಿಂದ ಅತ್ತಿಯ ಕೂಗು. ಆ ಒಡೆದ ದನಿ. ಓಡುವ ಹೆಜ್ಜೆ. 

ಸರ್ ಹೇಳಿದ್ದ ನಿಯಮ ನನ್ನ ತಲೆಯಲ್ಲಿತ್ತು. ಇನ್ನೊಬ್ಬರ ಸುಳಿವು ಬಂದರೆ ಕಥೆ ಸತ್ತಂತೆ. ಆದರೆ ನನ್ನ ಕಣ್ಣೆದುರಿಗೆ ಆ ಕಥೆ ಅಲ್ಲಿಯೇ ಎದ್ದು ಕೂತಿತ್ತು. ಅಲ್ಲಿಯವರೆಗೆ ಮಾಮಾನ ಮೌನಕ್ಕೆ ಏನೂ ಅರ್ಥವಿರಲಿಲ್ಲ, ನಾನು ಹೇರಿದ ಮೌನ ಅದು. ಆ ಒಂದು ಓಗೊಡುವಿಕೆ ಬಂದ ಮೇಲೆ, ಅವನು ಯಾಕೆ ಇಷ್ಟು ಹೊತ್ತು ಬಾಗಿಲುಗಳನ್ನು ತಟ್ಟಿದ ಎಂಬುದು ನನಗೇ ತಿಳಿಯಿತು. ನಾನು ಖಾಲಿ ಊರಿನ ಮೋಹಕ್ಕೆ ಬಿದ್ದಿದ್ದೆ. ಆ ಊರು ಖಾಲಿಯಾಗುವುದೇ ಎಲ್ಲರೂ ಕೂಡಿ ಉಣ್ಣುವುದಕ್ಕೆ ಎಂಬುದು, ಅಲ್ಲೇ ಉಂಡು ಬೆಳೆದ ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ. ನಿಯಮ ಮುರಿದೆ. ಶಾಟನ್ನು ಇದ್ದ ಹಾಗೆಯೇ ಇಟ್ಟೆ.

ಪರೀಕ್ಷೆಯ ದಿನ ಸರ್ ಚಿತ್ರ ನೋಡಿ ಕನ್ನಡಕ ತೆಗೆದು ಒರೆಸಿದರು. 

"ಆ ಕೂಗಿನ ಅರ್ಥವೇನು?"

"ಗೊತ್ತಿಲ್ಲ ಸರ್. ಕೂಗಿದರೆ ಓ ಅನ್ನಲೇಬೇಕು, ಅಷ್ಟು ಗೊತ್ತು."

"ಕೂಗಿದ್ದು ಯಾರು? ಬದುಕಿ ಉಳಿದ ಇನ್ನೊಬ್ಬಳೇ?"

"ನಮ್ಮ ಅತ್ತಿ ಸರ್."

ಸರ್ ನಕ್ಕರು. ನಿಯಮ ಮುರಿದದ್ದಕ್ಕೆ ಅಂಕ ಕಳೆದೇ ಕಳೆದರು, ಆದರೆ ಪಾಸು ಮಾಡಿದರು. ಅಪ್ಪನಿಗೆ ಫೋನು ಮಾಡಿ ಹೇಳಿದೆ. "ಅಂದ್ರ ಲೆಕ್ಕ ನೋಡಾಕ ಬರಂಗಿಲ್ಲೇನು" ಅಂದರು. ದನಿಯಲ್ಲಿ ನಗು ಇತ್ತು.

ಯುಗಾದಿ ಮುಗಿದ ಮೇಲೆ ಇಮ್ರಾನ್ ಎಲ್ಲಿಂದಲೋ ಪ್ರೊಜೆಕ್ಟರ್ ತಂದ. ಊರಿನ ಹನುಮಂತ ದೇವರ ಗುಡಿಯ ಮುಂದೆ ಬಿಳಿ ಧೋತರ ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಸಿನಿಮಾ ಶುರು ಮಾಡಿದೆವು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಹೊಲದ ಪೂಜೆ ಬಿಡಿಸಿ ಮಾಡಿದ ಸಿನಿಮಾ ತನಗೆ ಬೇಡವೆಂದು ಕೂತಿದ್ದ ಅತ್ತಿಯನ್ನು ಗೌರಿ ಕೈಹಿಡಿದು ಎಳೆದು ತಂದಿದ್ದಳು. ಆಕೆ ಹಿಂದೆ, ಕಂಬಕ್ಕೆ ಒರಗಿ ಕೂತಳು.

ನನ್ನ ಘನಗಂಭೀರ ಚಿತ್ರಕ್ಕೆ ಊರು ಮೊದಲಿಂದಲೇ ನಗತೊಡಗಿತು. "ಅದು ನಮ್ ಬಾಗಲಾ!" "ಏ ಅದು ನಮ್ ಹುಂಜ ನೋಡ್ರಿ, ಹ್ಯಾಂಗ ನಡ್ದದ!" "ನನ್ ಚಪ್ಪಲಿ! ಆವತ್ತಿಂದ ಹುಡಕ್ಲತೀನಿ!" ಆದರೆ ಮಾಮಾ ಬಾಗಿಲು ತಟ್ಟಿ ಕಾಯುವ ದೃಶ್ಯ ಬಂದಂತೆ ನಗು ಕಡಿಮೆಯಾಯಿತು. ತಮ್ಮ ಬಾಗಿಲು ತೆರೆಯದೇ ಇದ್ದುದು ಅವರಿಗೆ ಸೇರಲಿಲ್ಲ. "ಪಾಪ, ಯಾರಾರ ತೆಗೀರಿ" ಎಂದು ಒಬ್ಬ ಅಜ್ಜಿ ಗದರಿದಳು.

ಬಾವಿ ಬಂತು. ಮಾಮಾ ಮೆಟ್ಟಿಲ ಮೇಲೆ ಕೂತ. ಗಾಳಿ. ಆಮೇಲೆ ಆ ಕೂಗು.

ಅತ್ತಿ ಕಂಬ ಬಿಟ್ಟು ನೆಟ್ಟಗಾದಳು. ಧೋತರದ ಮೇಲೆ, ಆಳೆತ್ತರದ ಮಾಮಾನ ಮುಖ ಸರಕ್ಕನೆ ತಿರುಗಿತು. ಆ ಕಣ್ಣುಗಳು ಅರಳಿದವು. ದನಿಯನ್ನು ಮಶೀನಿನಲ್ಲಿ ಕೂಡಿಸಬಹುದು. ಮುಖ ಹಾಗೆ ಅರಳುವುದನ್ನು ಯಾರು ಕೂಡಿಸುತ್ತಾರೆ? "ಚಲಂಬ್ರಿಗೋ" ಎಂದು ಆ ಒಡೆದ ದನಿ ಬಂತು, ಮಾಮಾ ಎದ್ದು ಓಡಿದ, ಕಂಬಳಿ ಬಿತ್ತು. ಸಿನಿಮಾ ಮುಗಿಯಿತು. ಊರು ಹೋ ಎಂದು ಚಪ್ಪಾಳೆ ತಟ್ಟಿತು.

ಅತ್ತಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ನನ್ನ ಕಡೆ ನೋಡಿ, "ಗಿರಿಜಾ, ಅದಷ್ಟು ಇನ್ನೊಮ್ಮಿ ಹಾಕವಾ" ಅಂದಳು.

ಹಾಕಿದೆವು. ಮತ್ತೆ ಬಾವಿ, ಮತ್ತೆ ಗಾಳಿ, ಮತ್ತೆ ಅತ್ತಿಯ ಕೂಗು. ಧೋತರದ ಮೇಲಿನ ಮಾಮಾ ಬಾಯಿ ತೆರೆಯುವ ಮೊದಲೇ ಗಂಡಸರ ನಡುವಿನಿಂದ ನಿಜವಾದ ಮಾಮಾ ಎದ್ದು ನಿಂತ. ರಾಕ್ಷಸನ ಪಾತ್ರದ ಅದೇ ದನಿ. ಗುಡಿಯ ಗಂಟೆ ನಡುಗಿರಬೇಕು.

"ಚಲಂಬ್ರಿಗೋ!"

ನಗುವ ಜನರ ನಡುವಿನಿಂದ ಅತ್ತಿ ತಲೆ ಎತ್ತಿ ಗಂಡನನ್ನು ನೋಡಿದಳು.

"ಈಗ ಕೇಳಸ್ತು ಬಿಡ್ರಿ" ಅಂದಳು. "ಕೂಡ್ರಿ ಇನ್ನ."